ಮಷಿನ್ ಕೊಳ್ಳುವ ಮೊದಲು ನಿಮಿಷ ಎಣಿಸಿ: ವರ್ಕ್‌ಶಾಪ್ ಸಾಮರ್ಥ್ಯ ಕುರಿತು ಓದುಗರ ಪ್ರಶ್ನೆಗಳು

ಒಂದೇ ಶೆಡ್ಡಿನಲ್ಲಿ ಹತ್ತಾರು ಬಗೆಯ ಬಿಡಿಭಾಗ ಮಾಡುವ ಸಣ್ಣ ಮಷಿನ್ ಶಾಪ್‌ಗಳಿಂದ ಈ ಬಾರಿ ಹೆಚ್ಚು ಪ್ರಶ್ನೆ ಬಂದಿವೆ. ಆರ್ಡರ್ ಏರಿದಾಗ, ಇಳಿದಾಗ ಉತ್ಪಾದನೆಯನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದೇ ಎಲ್ಲರ ಚಿಂತೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮಲ್ಲಿ ನಾಲ್ಕು ವಿಎಂಸಿ (ನೆಟ್ಟಗೆ ನಿಂತ ಸ್ಪಿಂಡಲ್ಲಿನ ಮಿಲ್ಲಿಂಗ್ ಮಷಿನ್), ಮೂರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ಇವೆ. ಎರಡು ಶಿಫ್ಟ್ ನಡೆಯುತ್ತದೆ. ಗ್ರಾಹಕರ ಶೆಡ್ಯೂಲ್ ಕೆಲವು ತಿಂಗಳು ಶೇ. 30ರಷ್ಟು ಏರುತ್ತದೆ, ಆಮೇಲೆ ದಿಢೀರನೆ ಇಳಿಯುತ್ತದೆ. ಐದನೇ ವಿಎಂಸಿ ಕೊಳ್ಳಬೇಕೇ?
– ಪೀಣ್ಯ 2ನೇ ಹಂತ, ಬೆಂಗಳೂರು

ಉತ್ತರ: ಕೊಟೇಶನ್ ಕೊಡುವಾಗ ಹೆಚ್ಚಿನವರು ಗಡಿಯಾರದ ನಿಮಿಷಗಳನ್ನು ಸೈಕಲ್ ಟೈಮಿನಿಂದ (ಒಂದು ಪೀಸ್ ಕತ್ತರಿಸಲು ಮಷಿನ್ ಹಿಡಿಯುವ ಸಮಯ) ಭಾಗಿಸುತ್ತಾರೆ. ಎರಡು ಶಿಫ್ಟ್ ಎಂದರೆ 960 ನಿಮಿಷ, ಸೈಕಲ್ 7 ನಿಮಿಷ, ಹಾಗಾಗಿ ದಿನಕ್ಕೆ 137 ಪೀಸ್ ಎಂದು ಬರೆದುಬಿಡುತ್ತಾರೆ. ಆ ಸಂಖ್ಯೆ ಯಾವತ್ತೂ ಕೈಗೆ ಬರುವುದಿಲ್ಲ.

ಲೆಕ್ಕ ಹೀಗೆ ಹಾಕಿ. ಒಂದು ಶಿಫ್ಟಿನ 480 ನಿಮಿಷದಲ್ಲಿ ಊಟಕ್ಕೆ 30, ಟೀ ಮತ್ತು ಕ್ಲೀನಿಂಗ್‌ಗೆ 20 ಕಳೆದರೆ 430 ಉಳಿಯುತ್ತದೆ. ಎರಡು ಶಿಫ್ಟಿಗೆ 860. ದಿನಕ್ಕೆ ಎರಡು ಸೆಟ್ಟಿಂಗ್ (ಒಂದು ಜಾಬ್ ಇಳಿಸಿ ಇನ್ನೊಂದಕ್ಕೆ ಮಷಿನ್ ಸಜ್ಜುಮಾಡುವುದು), ತಲಾ 75 ನಿಮಿಷ ಎಂದುಕೊಂಡರೆ 150 ಹೋಗಿ 710. ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ಬಿಲ್ಲೆ) ಬದಲಿಸುವುದು, ಇನ್ಸ್‌ಪೆಕ್ಷನ್‌ಗೆ ಕಾಯುವುದು, ಸಣ್ಣಪುಟ್ಟ ಬ್ರೇಕ್‌ಡೌನ್ ಸೇರಿ 60 ನಿಮಿಷ ಕಳೆದರೆ 650. ರಿಜೆಕ್ಷನ್ ಶೇ. 3 ಇದ್ದರೆ ಒಳ್ಳೆಯ ಮಾಲಿಗೆ ಸಿಗುವುದು ಸುಮಾರು 630 ನಿಮಿಷ. ಸೈಕಲ್ 7 ನಿಮಿಷದ ಜೊತೆ ಪೀಸ್ ಹಾಕಿ ತೆಗೆಯಲು 1 ನಿಮಿಷ ಸೇರಿಸಿ, 8ರಿಂದ ಭಾಗಿಸಿ. 78 ಪೀಸ್. ನಿಮ್ಮ ವಿಎಂಸಿಯ ನಿಜವಾದ ಸಾಮರ್ಥ್ಯ ಇದು, 137 ಅಲ್ಲ.

ಇಲ್ಲಿ ಕೊಟ್ಟ ಸಂಖ್ಯೆಗಳು ಉದಾಹರಣೆಗಷ್ಟೇ. ನಿಮ್ಮವನ್ನು ನೀವೇ ಅಳೆಯಬೇಕು. ಎರಡು ವಾರ ಪ್ರತಿ ಮಷಿನ್ ಪಕ್ಕ ಒಂದು ನೋಟ್‌ಬುಕ್ ಇಟ್ಟು ಓಡಿದ್ದು, ಸೆಟ್ಟಿಂಗ್, ಕಾದದ್ದು, ಕೆಟ್ಟದ್ದು ಎಂದು ನಾಲ್ಕೇ ಕಾಲಂ ಬರೆಸಿ. ಮಷಿನ್ನಿನಲ್ಲಿ ಫ್ಯಾನುಕ್ ಕಂಪನಿಯ ಕಂಟ್ರೋಲ್ ಇದ್ದರೆ ರನ್ ಟೈಮ್, ಸೈಕಲ್ ಟೈಮ್, ಪಾರ್ಟ್ ಕೌಂಟ್ ಪರದೆಯಲ್ಲೇ ಸಿಗುತ್ತವೆ. ಶಿಫ್ಟ್ ಕೊನೆಗೆ ಅದನ್ನು ನೋಟ್‌ಬುಕ್ಕಿನ ಲೆಕ್ಕದೊಂದಿಗೆ ತಾಳೆ ನೋಡಿ. ‘ಕಾದದ್ದು’ ಎಂಬ ಕಾಲಂ ತುಂಬುವುದಕ್ಕೆ ಆಪರೇಟರ್‌ಗಳು ಹಿಂಜರಿಯುತ್ತಾರೆ. ಅದರಲ್ಲಿ ಬರೆದದ್ದಕ್ಕೆ ಯಾರನ್ನೂ ಬೈಯುವುದಿಲ್ಲ ಎಂದು ಮೊದಲೇ ಹೇಳಿ, ಆ ಮಾತಿನಂತೆ ನಡೆದುಕೊಳ್ಳಿ. ಇಲ್ಲದಿದ್ದರೆ ಎಲ್ಲ ಕಾಲವೂ ‘ಓಡಿದ್ದು’ ಕಾಲಂಗೇ ಸೇರುತ್ತದೆ.

ಈಗ ಐದನೇ ಮಷಿನ್ನಿನ ಮಾತು. ಸೆಟ್ಟಿಂಗ್ 75ರಿಂದ 30 ನಿಮಿಷಕ್ಕೆ ಇಳಿದರೆ ದಿನಕ್ಕೆ 90 ನಿಮಿಷ ಉಳಿಯುತ್ತದೆ, ಅಂದರೆ ಒಂದು ಮಷಿನ್‌ಗೆ ಸುಮಾರು 11 ಪೀಸ್ ಹೆಚ್ಚು. ನಾಲ್ಕಕ್ಕೆ 44. ಹೊಸ ಮಷಿನ್ ಕೊಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮ ಶೆಡ್ಡಿನೊಳಗೇ ಇದೆ. ಶೇ. 30ರ ಏರಿಕೆಯಲ್ಲಿ ಶೇ. 14 ಇದರಿಂದಲೇ ಬರುತ್ತದೆ. ಉಳಿದದ್ದಕ್ಕೆ ಓಟಿ (ಓವರ್‌ಟೈಮ್) ಅಥವಾ ಹೊರಗಿನ ಜಾಬ್ ವರ್ಕ್ (ಬೇರೆ ಶಾಪಿಗೆ ಕೊಟ್ಟು ಮಾಡಿಸುವುದು) ಸಾಕು, ಏಕೆಂದರೆ ಆ ಏರಿಕೆ ಕೆಲವೇ ತಿಂಗಳದ್ದು.

ಇದಕ್ಕೂ ಮೊದಲು ಇನ್ನೊಂದನ್ನು ನೋಡಿಕೊಳ್ಳಿ. ನಿಮ್ಮನ್ನು ಕಟ್ಟಿಹಾಕಿರುವುದು ವಿಎಂಸಿಯೇ ಹೌದೇ? ಮಾಲು ಎಲ್ಲಿ ಗುಡ್ಡೆ ಬಿದ್ದಿದೆ, ಯಾರು ಕೈಕಟ್ಟಿ ಕಾಯುತ್ತಿದ್ದಾರೆ ಎಂದು ಶೆಡ್ಡಿನಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ನಾಲ್ಕು ವಿಎಂಸಿ ಸೇರಿ ದಿನಕ್ಕೆ 312 ಪೀಸ್ ಕೊಡುತ್ತವೆ. ಡಿಬರಿಂಗ್‌ಗೆ (ಅಂಚಿನಲ್ಲಿ ಉಳಿದ ಮುಳ್ಳು, ಅಂದರೆ ಬರ್ ತೆಗೆಯಲು) ಪೀಸಿಗೆ 3 ನಿಮಿಷ ಬೇಕಾದರೆ 936 ನಿಮಿಷದ ಕೆಲಸವಾಯಿತು. ಶಿಫ್ಟಿಗೆ ಒಬ್ಬನೇ ಡಿಬರಿಂಗ್ ಮಾಡುತ್ತಿದ್ದರೆ ಇರುವುದು 860 ನಿಮಿಷ. ಇಂಥಲ್ಲಿ ಐದನೇ ವಿಎಂಸಿ ಬಂದರೆ ಡಿಬರಿಂಗ್ ಟೇಬಲ್ ಮುಂದಿನ ಗುಡ್ಡೆ ದೊಡ್ಡದಾಗುತ್ತದೆ, ಡಿಸ್ಪ್ಯಾಚ್ ಆಗುವ ಮಾಲು ಒಂದು ಪೀಸೂ ಹೆಚ್ಚುವುದಿಲ್ಲ. ಅಲ್ಲಿಗೆ ಬೇಕಾಗಿರುವುದು ಇನ್ನೊಬ್ಬ ಹುಡುಗ, ಅಥವಾ ಚಾಂಫರ್ (ಅಂಚನ್ನು ಓರೆ ಮಾಡುವ) ಟೂಲ್ ಒಂದನ್ನು ಪ್ರೋಗ್ರಾಂಗೆ ಸೇರಿಸಿ ಬರ್ ಅನ್ನು ಮಷಿನ್ನಿನಲ್ಲೇ ತೆಗೆಯುವುದು. ವಿಎಂಸಿ ಬಿಡುವಿದ್ದರೆ ಮಾತ್ರ ಎರಡನೆಯದು ಲಾಭ.

ಪ್ರಶ್ನೆ: ಸಿಎನ್‌ಸಿ ಲೇತಿನಲ್ಲಿ ಒಂದು ಜಾಬ್ ಇಳಿಸಿ ಇನ್ನೊಂದು ಏರಿಸಲು ನಮಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಕ್ಯಾಸ್ಟಿಂಗ್ ಬಾಡಿಗಳು, ಬುಷ್‌ಗಳು, 15–20 ಬಗೆ. ಕಡಿಮೆ ಮಾಡುವುದು ಹೇಗೆ?
– ಉದ್ಯಮಬಾಗ್, ಬೆಳಗಾವಿ

ಉತ್ತರ: ಆ 90 ನಿಮಿಷವನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಹೀಗಿರುತ್ತದೆ: ಡ್ರಾಯಿಂಗ್ ಮತ್ತು ಪ್ರೋಗ್ರಾಂ ಹುಡುಕಲು 10, ಟೂಲ್ ಮತ್ತು ಇನ್ಸರ್ಟ್ ಒಟ್ಟುಮಾಡಲು 15, ಜಾ (ಚಕ್ಕಿನಲ್ಲಿ ಜಾಬನ್ನು ಕಚ್ಚಿ ಹಿಡಿಯುವ ದವಡೆ) ಬದಲಿಸಲು 10, ಸಾಫ್ಟ್ ಜಾ (ಜಾಬಿನ ಅಳತೆಗೆ ಕೊರೆದುಕೊಳ್ಳುವ ಮೆದು ಜಾ) ಬೋರ್ ಮಾಡಲು 15, ಟೂಲ್ ಆಫ್‌ಸೆಟ್ (ಪ್ರತಿ ಟೂಲಿನ ತುದಿ ಎಲ್ಲಿದೆ ಎಂಬ ಅಳತೆ) ತೆಗೆಯಲು 15, ಮೊದಲ ಪೀಸ್ ಕತ್ತರಿಸಲು 10, ಇನ್ಸ್‌ಪೆಕ್ಟರ್‌ಗೆ ಕಾಯಲು 15. ಜಪಾನಿನ ಶಿಗಿಯೊ ಶಿಂಗೊ ಪ್ರೆಸ್ ಶಾಪ್‌ಗಳಲ್ಲಿ ರೂಪಿಸಿದ ಪದ್ಧತಿಯ ತಿರುಳು ಇಷ್ಟೇ: ಮಷಿನ್ ನಿಂತಿರುವಾಗ ಮಾತ್ರ ಮಾಡಬಹುದಾದ ಕೆಲಸವನ್ನು, ಹಿಂದಿನ ಲಾಟ್ (ಒಟ್ಟಿಗೆ ಮಾಡುವ ಒಂದೇ ಬಗೆಯ ಪೀಸ್‌ಗಳ ಕಂತೆ) ಓಡುತ್ತಿರುವಾಗಲೇ ಮುಗಿಸಬಹುದಾದ ಕೆಲಸದಿಂದ ಬೇರೆ ಮಾಡಿ.

ಮೊದಲ 25 ನಿಮಿಷ ಒಂದು ಟ್ರಾಲಿಯಿಂದ ಹೋಗುತ್ತದೆ. ಮುಂದಿನ ಜಾಬಿನ ಡ್ರಾಯಿಂಗ್, ಜಾ ಸೆಟ್, ಟೂಲ್‌ಗಳು, ಹೊಸ ಇನ್ಸರ್ಟ್‌ಗಳು, ಗೇಜ್‌ಗಳು, ಅಲೆನ್ ಕೀ ಎಲ್ಲವೂ ಹಿಂದಿನ ಲಾಟಿನ ಕೊನೆಯ 20 ಪೀಸ್ ಉಳಿದಿರುವಾಗ ಮಷಿನ್ ಪಕ್ಕ ಬಂದಿರಬೇಕು. ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್‌ಗೂ ಹೇಳಿಡಿ. ಬೋರ್ ಗೇಜನ್ನು ಮಾಸ್ಟರ್ ರಿಂಗಿಗೆ ಮೊದಲೇ ಸೆಟ್ ಮಾಡಿಟ್ಟರೆ ಕೊನೆಯ 15 ನಿಮಿಷ 5ಕ್ಕೆ ಇಳಿಯುತ್ತದೆ.

ಸಾಫ್ಟ್ ಜಾ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳಷ್ಟು ಶಾಪ್‌ಗಳಲ್ಲಿ ಪ್ರತಿ ಸೆಟ್ಟಿಂಗ್‌ಗೂ ಹೊಸದಾಗಿ ಬೋರ್ ಮಾಡುತ್ತಾರೆ. ಮತ್ತೆ ಮತ್ತೆ ಬರುವ ಜಾಬಿಗೆ ಮೂರು ಜಾಗಳ ಒಂದು ಸೆಟ್ ಮೀಸಲಿಡಿ. ಮೂರಕ್ಕೂ 1, 2, 3 ಎಂದು ಪಂಚ್ ಹೊಡೆದು, ಪಾರ್ಟ್ ನಂಬರ್ ಹಾಕಿ. ಚಕ್ಕಿನ ಸ್ಲಾಟ್‌ಗಳಿಗೂ ಅದೇ ನಂಬರ್ ಇರಲಿ. ಮಾಸ್ಟರ್ ಜಾದ (ಚಕ್ಕಿನಲ್ಲೇ ಇರುವ ಕೆಳಗಿನ ಜಾ) ಎಷ್ಟನೇ ಹಲ್ಲಿಗೆ ಕೂತಿತ್ತು ಎಂಬುದನ್ನು ಸೆಟ್ಟಿಂಗ್ ಶೀಟಿನಲ್ಲಿ ಬರೆಯಿರಿ. ಒಂದು ಜಾ ಒಂದು ಹಲ್ಲು ಆಚೀಚೆ ಕೂತರೂ ಜಾಬ್ ಸೆಂಟರ್ ತಪ್ಪುತ್ತದೆ. ಹಳೆಯ ಸ್ಥಾನಕ್ಕೇ ಕೂರಿಸಿದ ಜಾಗೆ 0.2 ಮಿ.ಮೀ. ಸ್ಕಿಮ್ ಕಟ್ (ತೆಳುವಾಗಿ ಸವರುವುದು) ಸಾಕು, 5 ನಿಮಿಷದ ಕೆಲಸ. ಸ್ಕಿಮ್ ಮಾಡುವಾಗ ಜಾಗಳು ರಿಂಗನ್ನು ಕಚ್ಚಿರಬೇಕು, ಹೈಡ್ರಾಲಿಕ್ ಪ್ರೆಶರ್ ಜಾಬ್ ಕತ್ತರಿಸುವಾಗಿನಷ್ಟೇ ಇರಬೇಕು. ಪ್ರೆಶರ್ ಬೇರೆಯಾದರೆ ಜಾಗಳು ಬೇರೆ ಥರ ಬಾಗುತ್ತವೆ, ರನೌಟ್ (ತಿರುಗುವಾಗಿನ ಓಲಾಟ) ಅಲ್ಲೇ ಹುಟ್ಟುತ್ತದೆ. ತೆಳು ಗೋಡೆಯ ಬುಷ್‌ಗೆ ಪ್ರೆಶರ್ ಇಳಿಸದೆ ಹಿಡಿದರೆ ಚಕ್ಕಿನಲ್ಲಿ ದುಂಡಗೆ ಕಂಡ ಬೋರ್ ಬಿಚ್ಚಿದ ಮೇಲೆ ಮೂರು ಮೂಲೆಯಾಗುತ್ತದೆ. ಎತ್ತರದ ಸಾಫ್ಟ್ ಜಾ ಹಾಕಿ ಆರ್‌ಪಿಎಂ ಏರಿಸಿದರೆ ಜಾಗಳು ಹೊರಕ್ಕೆ ಎಳೆದು ಹಿಡಿತ ಸಡಿಲಾಗುತ್ತದೆ. ಇದು ಅಪಾಯದ ಮಾತು, ಚಕ್ ತಯಾರಕರು ಕೊಡುವ ಚಾರ್ಟ್ ನೋಡಿಯೇ ವೇಗ ನಿಗದಿಮಾಡಿ.

ಇನ್ನು ಟೂಲ್‌ಗಳು. 12 ಸ್ಟೇಷನ್ ಟರೆಟ್ (ಟೂಲ್‌ಗಳನ್ನು ಹಿಡಿದು ತಿರುಗುವ ತಲೆ) ಇದ್ದರೆ ರಫಿಂಗ್, ಫಿನಿಶಿಂಗ್, ಬೋರಿಂಗ್ ಬಾರ್, ಡ್ರಿಲ್, ಗ್ರೂವಿಂಗ್, ಥ್ರೆಡಿಂಗ್ ಹೀಗೆ ಏಳೆಂಟನ್ನು ಎಲ್ಲ ಜಾಬ್‌ಗೂ ಒಂದೇ ಸ್ಟೇಷನ್ನಿನಲ್ಲಿ ಕಾಯಂ ಮಾಡಿ, ಪ್ರೋಗ್ರಾಂಗಳನ್ನು ಅದಕ್ಕೆ ತಕ್ಕಂತೆ ಒಮ್ಮೆ ತಿದ್ದಿ. ಬದಲಿಸಬೇಕಾದದ್ದು ಮೂರು ನಾಲ್ಕೇ ಟೂಲ್ ಆದರೆ ಆಫ್‌ಸೆಟ್ ಕೆಲಸ 6 ನಿಮಿಷಕ್ಕೆ ಮುಗಿಯುತ್ತದೆ. ಈಗ ಕೂಡಿಸಿ: ಜಾ ಬದಲಿಗೆ 10, ಸ್ಕಿಮ್ 5, ಆಫ್‌ಸೆಟ್ 6, ಮೊದಲ ಪೀಸ್ 10, ತಪಾಸಣೆ 5. ಒಟ್ಟು 36 ನಿಮಿಷ. ಹೊಸ ಉಪಕರಣ ಎಂದು ಕೊಂಡದ್ದು ಟ್ರಾಲಿ ಮತ್ತು ಒಂದಷ್ಟು ಜಾ ಸೆಟ್.

ಅವಸರದಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಹಿಂದಿನ ಜಾಬಿನ ಆಫ್‌ಸೆಟ್ ಹಾಗೆಯೇ ಉಳಿದು ಟೂಲ್ ಚಕ್ಕಿಗೆ ಹೊಡೆಯುವುದು. ಸೆಟ್ಟಿಂಗ್ ಶೀಟಿನಲ್ಲಿ ಆಫ್‌ಸೆಟ್ ಸಂಖ್ಯೆಗಳಿಗೆ ಜಾಗ ಇಡಿ. ಮೊದಲ ಪೀಸನ್ನು ಸಿಂಗಲ್ ಬ್ಲಾಕಿನಲ್ಲಿ (ಪ್ರೋಗ್ರಾಂ ಒಂದೊಂದೇ ಸಾಲು ಓಡುವಂತೆ), ರ‍್ಯಾಪಿಡ್ (ಕತ್ತರಿಸದೆ ಸರಿಯುವಾಗಿನ ವೇಗ) ಶೇ. 25ಕ್ಕೆ ಇಳಿಸಿ ಓಡಿಸುವ ನಿಯಮವನ್ನು ಯಾವ ಅವಸರದಲ್ಲೂ ಸಡಿಲಿಸಬೇಡಿ.

ಪ್ರಶ್ನೆ: ಲಾಟ್ ಚಿಕ್ಕದು ಮಾಡಿ ಎನ್ನುತ್ತಾರೆ. ಆದರೆ ಸೆಟ್ಟಿಂಗ್ ಹೆಚ್ಚಾಗಿ ಸಾಮರ್ಥ್ಯ ಕಡಿಮೆಯಾಗುವುದಿಲ್ಲವೇ?
– ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ಯಾವ ಮಷಿನ್ನಿನಲ್ಲಿ ಎಂಬುದರ ಮೇಲೆ ಹೋಗುತ್ತದೆ. ಅಡಚಣೆಯಾಗಿರುವ, ಅಂದರೆ ಇಡೀ ಶೆಡ್ಡಿನ ಉತ್ಪಾದನೆಯನ್ನು ಕಟ್ಟಿಹಾಕಿರುವ ಮಷಿನ್ನಿನಲ್ಲಿ ಒಂದು ಸೆಟ್ಟಿಂಗ್ ಹೆಚ್ಚಾದರೆ ಇಡೀ ಕಾರ್ಖಾನೆಯ ಅಷ್ಟು ನಿಮಿಷ ಹೋಯಿತು. ದಿನಕ್ಕೆ ಮೂರು ಗಂಟೆ ಸುಮ್ಮನೆ ನಿಲ್ಲುವ ಡ್ರಿಲ್ಲಿಂಗ್ ಮಷಿನ್ನಿನಲ್ಲಿ ಇನ್ನೂ ಎರಡು ಸೆಟ್ಟಿಂಗ್ ಮಾಡಿದರೆ ಖರ್ಚೇನೂ ಇಲ್ಲ. ಎರಡಕ್ಕೂ ಒಂದೇ ಲಾಟ್ ಗಾತ್ರ ಇಡುವುದೇ ತಪ್ಪು.

ಲಾಟ್ ಚಿಕ್ಕದು ಮಾಡದೆಯೂ ಗಳಿಸಬಹುದಾದ ಸಮಯ ಒಂದಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. 200 ಪೀಸಿನ ಲಾಟ್, ಎರಡು ಆಪರೇಷನ್, ತಲಾ 6 ನಿಮಿಷ ಎಂದುಕೊಳ್ಳಿ. ಇಡೀ ಲಾಟ್ ಮುಗಿಸಿ ಮುಂದಿನ ಮಷಿನ್‌ಗೆ ಕಳಿಸಿದರೆ 1,200 ಮತ್ತು 1,200 ಸೇರಿ 2,400 ನಿಮಿಷ. 25 ಪೀಸಿನ ಕ್ರೇಟ್ ತುಂಬಿದ ಕೂಡಲೇ ಮುಂದಕ್ಕೆ ಸರಿಸಿದರೆ 150 ನಿಮಿಷಕ್ಕೇ ಎರಡನೇ ಆಪರೇಷನ್ ಶುರು, 1,350 ನಿಮಿಷಕ್ಕೆ ಪೂರ್ತಿ ಮುಕ್ತಾಯ. ಸೆಟ್ಟಿಂಗ್ ಎರಡರಲ್ಲೂ ಅಷ್ಟೇ. ಕ್ರೇಟ್ ಮೇಲೆ ರೂಟ್ ಕಾರ್ಡ್ (ಯಾವ ಲಾಟ್, ಮುಂದೆ ಯಾವ ಮಷಿನ್ ಎಂಬ ಚೀಟಿ) ತಪ್ಪದೆ ಇರಬೇಕು, ಇಲ್ಲದಿದ್ದರೆ ಒಂದೇ ಲಾಟಿನ ಎಂಟು ಕ್ರೇಟ್ ಎಂಟು ಕಡೆ ಸಿಗುತ್ತವೆ.

ಶೆಡ್ಡಿನೊಳಗೆ ಅರ್ಧಂಬರ್ಧ ಆಗಿರುವ ಮಾಲು 600 ಪೀಸ್, ದಿನಕ್ಕೆ ಹೊರಡುವುದು 60 ಎಂದರೆ ಇವತ್ತು ಒಳಗೆ ಹೋದ ಕ್ಯಾಸ್ಟಿಂಗ್ ಹೊರಬರಲು ಸರಾಸರಿ 10 ದಿನ. ಒಳಗಿನ ಮಾಲು 300ಕ್ಕೆ ಇಳಿಸಿ, ಹೊರಡುವುದು 60ರಲ್ಲೇ ಇದ್ದರೆ 5 ದಿನ. ಬೇಗ ಕೊಡಬೇಕೆಂದು ಬೇಗ ಬೇಗ ಒಳಗೆ ತುಂಬುವುದು ತಿರುಗುಬಾಣ ಆಗುವುದು ಇದೇ ಕಾರಣಕ್ಕೆ.

ಪ್ರಶ್ನೆ: ಎಲ್ಲ ಮಷಿನ್‌ಗಳೂ ಶೇ. 95 ಲೋಡ್ ಆಗಿವೆ. ಆದರೂ ಪ್ರತಿ ವಾರ ಡೆಲಿವರಿ ತಡ. ಏನು ತಪ್ಪಾಗುತ್ತಿದೆ?
– ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ತಪ್ಪು ಆ ಶೇ. 95ರಲ್ಲೇ ಇದೆ. ಕೆಲಸ ಬರುವ ಹೊತ್ತು, ಮುಗಿಯಲು ಹಿಡಿಯುವ ಹೊತ್ತು ಎರಡೂ ಏರುಪೇರಾಗುವ ಜಾಬ್ ಶಾಪಿನಲ್ಲಿ ಸರದಿಯ ಲೆಕ್ಕ ಸ್ಥೂಲವಾಗಿ ಹೀಗಿದೆ: ಸರಾಸರಿ ಒಂದು ಗಂಟೆಯ ಜಾಬ್, ಲೋಡ್ ಶೇ. 80 ಇರುವಾಗ ಸರದಿಯಲ್ಲಿ 4 ಗಂಟೆ ಕಾಯುತ್ತದೆ. ಶೇ. 90 ಆದಾಗ 9 ಗಂಟೆ. ಶೇ. 95 ಆದಾಗ 19 ಗಂಟೆ. ಕೊನೆಯ ಶೇ. 5 ತುಂಬಿದ್ದಕ್ಕೆ ಕಾಯುವಿಕೆ ಎರಡು ಪಟ್ಟಿಗಿಂತ ಹೆಚ್ಚಾಯಿತು.

ಅಡಚಣೆಯ ಮಷಿನ್ನಿನಲ್ಲಿ ವಾರದ ಪ್ಲಾನ್ ಶೇ. 85 ಮೀರದಂತೆ ಹಾಕಿ. ಉಳಿದ ಶೇ. 15 ಅರ್ಜೆಂಟ್ ಆರ್ಡರ್‌ಗೆ, ರೀವರ್ಕ್‌ಗೆ, ಟೂಲ್ ಮುರಿದ ದಿನಕ್ಕೆ. ಮಾಲೀಕರಿಗೆ ನಿಂತ ಮಷಿನ್ ನೋಡಲು ಸಂಕಟವಾಗುತ್ತದೆ. ಆದರೆ ತಡವಾದ ಮಾಲನ್ನು ಪ್ರತ್ಯೇಕ ಗಾಡಿ ಮಾಡಿ ಕಳಿಸುವ ಖರ್ಚನ್ನು ಒಂದು ತಿಂಗಳು ಬರೆದಿಟ್ಟು ನೋಡಿ, ಆಮೇಲೆ ನಿರ್ಧರಿಸಿ.

ಪ್ರಶ್ನೆ: ಮೂರು ತಿಂಗಳು ಆರ್ಡರ್ ಹೆಚ್ಚಿದೆ. ಓಟಿ, ಮೂರನೇ ಶಿಫ್ಟ್, ಹೊರಗಿನ ಜಾಬ್ ವರ್ಕ್, ಹೊಸ ಮಷಿನ್ – ಯಾವುದು ಸರಿ?
– ಮಾಚೇನಹಳ್ಳಿ, ಶಿವಮೊಗ್ಗ

ಉತ್ತರ: ಓಟಿ ಒಂದೆರಡು ವಾರದ ಏರಿಕೆಗೆ ಚೆನ್ನ. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಕಾನೂನಿನ ಪ್ರಕಾರ ಎರಡು ಪಟ್ಟು ವೇತನ ಕೊಡಬೇಕು. ಎರಡನೇ ತಿಂಗಳಿಗೆ ದಣಿವು ಸೇರಿ ರಿಜೆಕ್ಷನ್ ಏರಲು ಶುರುವಾಗುತ್ತದೆ, ಆಗ ಎರಡು ಪಟ್ಟು ಕೊಟ್ಟು ಕೆಟ್ಟ ಮಾಲು ಮಾಡಿಸಿದಂತಾಗುತ್ತದೆ.

ಮೂರನೇ ಶಿಫ್ಟನ್ನು ಇಡೀ ಶೆಡ್ಡಿಗೆ ಹಾಕಬೇಡಿ, ಅಡಚಣೆಯ ಮಷಿನ್‌ಗಳಿಗೆ ಮಾತ್ರ ಹಾಕಿ. ರಾತ್ರಿ ಸೆಟ್ಟಿಂಗ್ ಬರದ ಹಾಗೆ ದೊಡ್ಡ ಲಾಟ್‌ಗಳನ್ನು ಆ ಶಿಫ್ಟಿಗೆ ಇಟ್ಟರೆ ಸೆಟ್ಟರ್ ಬೇಕಾಗುವುದಿಲ್ಲ, ಗೇಜ್ ಹಿಡಿಯಲು ಬಲ್ಲ ಆಪರೇಟರ್‌ಗಳು ಸಾಕು. ಒಬ್ಬನನ್ನೇ ಬಿಡಬೇಡಿ, ಕನಿಷ್ಠ ಇಬ್ಬರಿರಲಿ. ಹೆಚ್ಚು ಮಷಿನ್ ಒಟ್ಟಿಗೆ ಓಡಿಸುವುದಾದರೆ ವಿದ್ಯುತ್ ಬಿಲ್ಲಿನಲ್ಲಿ ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ಒಪ್ಪಂದದಂತೆ ಒಟ್ಟಿಗೆ ಬಳಸಬಹುದಾದ ಗರಿಷ್ಠ ಲೋಡ್) ಎಷ್ಟು, ದಾಖಲಾದ ಗರಿಷ್ಠ ಡಿಮ್ಯಾಂಡ್ ಎಷ್ಟು ಎಂದು ಮೊದಲು ನೋಡಿ. ಮೀರಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಮೂರು ತಿಂಗಳ ಏರಿಕೆಗೆ ನಮ್ಮ ಆಯ್ಕೆ ಜಾಬ್ ವರ್ಕ್. ಆದರೆ ಏನನ್ನು ಕಳಿಸುತ್ತೀರಿ ಎಂಬುದು ಮುಖ್ಯ. ಹೊಸ ಡ್ರಾಯಿಂಗ್, ಬಿಗಿ ಟಾಲರೆನ್ಸ್ ಇರುವುದನ್ನು ಮನೆಯಲ್ಲೇ ಇಟ್ಟುಕೊಂಡು, ವರ್ಷಗಳಿಂದ ಮಾಡಿ ಪಳಗಿದ ಪಾರ್ಟನ್ನು ಅಥವಾ ರಫಿಂಗ್ ಕೆಲಸವನ್ನು ಕಳಿಸಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡಿ, ತಲೆನೋವಿನ ಪಾರ್ಟನ್ನೇ ಹೊರಗೆ ತಳ್ಳಿ ಆಮೇಲೆ ಪೇಚಾಡುತ್ತಾರೆ. ಜೊತೆಗೆ ನಿಮ್ಮದೇ ಗೇಜ್ ಕೊಡಿ, ಮೊದಲ ಪೀಸಿಗೆ ನಿಮ್ಮ ಇನ್ಸ್‌ಪೆಕ್ಟರ್ ಹೋಗಿ ಸಹಿ ಹಾಕಲಿ. ಆರ್ಡರ್ ಇಲ್ಲದ ದಿನಗಳಲ್ಲೇ 10–20 ಪೀಸಿನ ಲಾಟ್ ಕೊಟ್ಟು ಇಬ್ಬರನ್ನು ತಯಾರು ಮಾಡಿಟ್ಟಿರಬೇಕು. ಒತ್ತಡ ಬಂದ ಮೇಲೆ ಹುಡುಕಲು ಹೊರಟರೆ ಅವರೂ ತುಂಬಿಕೊಂಡಿರುತ್ತಾರೆ. ಮಾಲು ಡೆಲಿವರಿ ಚಲನ್ ಮೇಲೆ ಹೋಗಲಿ. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಒಂದು ವರ್ಷದೊಳಗೆ ವಾಪಸ್ ಬರಬೇಕು ಅಥವಾ ಅಲ್ಲಿಂದಲೇ ಸಪ್ಲೈ ಆಗಬೇಕು. ಇಲ್ಲದಿದ್ದರೆ ಕಳಿಸಿದ ದಿನದ್ದೇ ಸಪ್ಲೈ ಎಂದು ತೆರಿಗೆ ಲೆಕ್ಕ ಹಾಕುತ್ತಾರೆ.

ಹೊಸ ಮಷಿನ್ ಮೂರು ತಿಂಗಳಿಗೆ ಉತ್ತರವಲ್ಲ. ಉದಾಹರಣೆಗೆ 36 ಲಕ್ಷ ರೂ. ಸಾಲ, ಶೇ. 10 ಬಡ್ಡಿ, 5 ವರ್ಷ ಎಂದರೆ ಕಂತು ತಿಂಗಳಿಗೆ ಸುಮಾರು 76,500 ರೂ. ಮೇಲೆ ಪೀಣ್ಯದ ಓದುಗರಿಗೆ ಹೇಳಿದ ಲೆಕ್ಕದಂತೆ ಒಂದು ಶಿಫ್ಟಿನಲ್ಲಿ ನಿಜವಾಗಿ ಸಿಗುವುದು 5 ಗಂಟೆ 15 ನಿಮಿಷ. 25 ದಿನಕ್ಕೆ 131 ಗಂಟೆ. ಕಂತಿನ ಭಾರವೇ ಗಂಟೆಗೆ 580 ರೂ. ದಾಟಿತು. ಎರಡು ಶಿಫ್ಟ್ ತುಂಬುವಷ್ಟು ಕೆಲಸ ಇದ್ದರೆ 290ರ ಆಸುಪಾಸು. ಆಪರೇಟರ್, ಕರೆಂಟ್, ಟೂಲ್ ಎಲ್ಲ ಇದರ ಮೇಲೆ. ವಿಎಂಸಿ ಬಂದರೆ ಅದರ ಜೊತೆ ಬಿಟಿ40 ಟೂಲ್ ಹೋಲ್ಡರ್‌ಗಳು, ವೈಸ್, ಫಿಕ್ಸ್‌ಚರ್ (ಜಾಬನ್ನು ಬಿಗಿಯಾಗಿ ಕೂರಿಸುವ ಚೌಕಟ್ಟು) ಕೊಳ್ಳಬೇಕು. ಅದಕ್ಕೂ ದುಡ್ಡು ಎತ್ತಿಡದೆ ಮಷಿನ್ ತಂದು ನಿಲ್ಲಿಸಿಕೊಂಡವರು ಕಡಿಮೆಯಿಲ್ಲ. ಸೆಟ್ಟಿಂಗ್ ಇಳಿಸಿದ ಮೇಲೂ ಆರು ತಿಂಗಳು ಸತತವಾಗಿ ಲೋಡ್ ಶೇ. 85ರ ಮೇಲೆ ನಿಂತರೆ ಆಗ ಧೈರ್ಯವಾಗಿ ಕೊಳ್ಳಿ.

ಪ್ರಶ್ನೆ: ಎರಡು ಪ್ಯಾಲೆಟ್ (ಅದಲು ಬದಲಾಗುವ ಟೇಬಲ್) ಇರುವ ಮಷಿನ್ ಹಾಕಿದರೆ ಸಾಮರ್ಥ್ಯ ಎಷ್ಟು ಹೆಚ್ಚುತ್ತದೆ?
– ತುಮಕೂರು

ಉತ್ತರ: ಸೈಕಲ್ 12 ನಿಮಿಷ, ಪೀಸ್ ಹಾಕಿ ತೆಗೆಯಲು 4 ನಿಮಿಷ ಇದ್ದರೆ ಈಗ ಪೀಸಿಗೆ 16 ನಿಮಿಷ. ಒಂದು ಪ್ಯಾಲೆಟ್ ಓಡುವಾಗಲೇ ಇನ್ನೊಂದರಲ್ಲಿ ಪೀಸ್ ಹಾಕಿ ತೆಗೆಯಬಹುದು, ಪ್ಯಾಲೆಟ್ ಬದಲಾವಣೆ ಸೆಕೆಂಡುಗಳ ಕೆಲಸವಾದ್ದರಿಂದ ಅದು 12ರ ಸ್ವಲ್ಪ ಮೇಲಕ್ಕೆ ಬರುತ್ತದೆ. ಸೈಕಲ್ 2 ನಿಮಿಷ, ಲೋಡಿಂಗ್ 4 ನಿಮಿಷದ ಜಾಬಿಗೆ ಮಷಿನ್ ಆಳಿಗಾಗಿ ಕಾಯುತ್ತದೆ, ಅಲ್ಲಿ ಒಂದೇ ಫಿಕ್ಸ್‌ಚರಿನಲ್ಲಿ ಆರೆಂಟು ಪೀಸ್ ಕೂರಿಸಿ ಸೈಕಲ್ ಉದ್ದ ಮಾಡಬೇಕು. ಇರುವ ವಿಎಂಸಿಯಲ್ಲೇ ಟೇಬಲ್ ಉದ್ದವಿದ್ದರೆ ಎರಡು ಫಿಕ್ಸ್‌ಚರ್ ಕಾಯಂ ಬಿಗಿದು ಒಂದಕ್ಕೆ ಜಿ54, ಇನ್ನೊಂದಕ್ಕೆ ಜಿ55 (ಜಾಬಿನ ಝೀರೋ ಎಲ್ಲಿದೆ ಎಂದು ಪ್ರೋಗ್ರಾಂಗೆ ಹೇಳುವ ಕೋಡ್‌ಗಳು) ಕೊಡಿ. ಜಾಬ್ ಬದಲಾದಾಗ ಡಯಲ್ ಹಾಕಿ ಫಿಕ್ಸ್‌ಚರ್ ಸರಿಹೊಂದಿಸುವ ಕೆಲಸವೇ ತಪ್ಪುತ್ತದೆ. ಮೊದಲು ಇದನ್ನು ಮಾಡಿ ನೋಡಿ.

ಪ್ರಶ್ನೆ: ಒಬ್ಬ ಸೆಟ್ಟರ್ ರಜೆ ಹಾಕಿದರೆ ಮೂರು ಮಷಿನ್ ನಿಲ್ಲುತ್ತವೆ. ಆರ್ಡರ್ ಇಳಿದಾಗ ಅದೇ ಜನ ಸುಮ್ಮನೆ ಕೂರುತ್ತಾರೆ. ಜನರನ್ನು ಹೊಂದಿಸುವುದು ಹೇಗೆ?
– ದಾಬಸ್‌ಪೇಟೆ

ಉತ್ತರ: ಗೋಡೆಗೆ ಒಂದು ಚಾರ್ಟ್ ಹಾಕಿ, ಅಡ್ಡಕ್ಕೆ ಮಷಿನ್‌ಗಳು, ಉದ್ದಕ್ಕೆ ಹೆಸರುಗಳು. ಓಡಿಸಬಲ್ಲ, ಅಳೆಯಬಲ್ಲ, ಸೆಟ್ ಮಾಡಬಲ್ಲ, ಕಲಿಸಬಲ್ಲ ಎಂದು ನಾಲ್ಕು ಹಂತ. ಅಡಚಣೆಯ ಮಷಿನ್ನಿಗೆ ಸೆಟ್ ಮಾಡಬಲ್ಲವರು ಮೂವರಾದರೂ ಇರಬೇಕು. ಕಲಿತವರಿಗೆ ಸಂಬಳದಲ್ಲಿ ಅದು ಕಾಣಬೇಕು, ಬರೀ ಚಾರ್ಟಿನಲ್ಲಿ ಚುಕ್ಕಿ ತುಂಬಿದರೆ ಯಾರೂ ಎರಡನೇ ಮಷಿನ್ ಕಲಿಯುವುದಿಲ್ಲ, ಕಲಿಸುವುದೂ ಇಲ್ಲ. ಸಿಎನ್‌ಸಿ ಪ್ರೋಗ್ರಾಮಿಂಗಿನ ತಳಪಾಯಕ್ಕೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಸಂಸ್ಥೆ) ಕೇಂದ್ರಗಳ ತರಬೇತಿಗೆ ಕಳಿಸಬಹುದು.

ಒಂದೇ ಕುಟುಂಬದ ಪಾರ್ಟ್‌ಗಳಿದ್ದರೆ ಮಷಿನ್‌ಗಳನ್ನು ಇಂಗ್ಲಿಷ್ ‘ಯು’ ಆಕಾರದಲ್ಲಿ ಕೂರಿಸಿ. ಒಂದು ಪೀಸಿಗೆ ಒಟ್ಟು ಕೈಕೆಲಸ 240 ಸೆಕೆಂಡ್, ಗ್ರಾಹಕರಿಗೆ 80 ಸೆಕೆಂಡಿಗೊಂದು ಬೇಕಿದ್ದರೆ ಮೂವರು. ಬೇಡಿಕೆ ಇಳಿದು 120 ಸೆಕೆಂಡಿಗೊಂದು ಸಾಕಾದಾಗ ಇಬ್ಬರೇ ಒಳಗೆ ಸುತ್ತಿ ಅದೇ ಮಷಿನ್‌ಗಳನ್ನು ನಡೆಸುತ್ತಾರೆ, ಮೂರನೆಯವನು ಬೇರೆ ಸೆಲ್‌ಗೆ (ಇಂಥದ್ದೇ ಇನ್ನೊಂದು ಮಷಿನ್ ಗುಂಪಿಗೆ). ಟೊಯೊಟಾದವರು ಏರಿಳಿತವನ್ನು ನಿಭಾಯಿಸುವುದು ಹೀಗೆ ಜನರ ಸಂಖ್ಯೆ ಬದಲಿಸಿ. ಮಷಿನ್‌ಗಳು ಸೈಕಲ್ ಮುಗಿದ ಮೇಲೆ ತಾವಾಗಿ ನಿಲ್ಲಬೇಕು, ಮೂವರಿಗೂ ಎಲ್ಲ ಸ್ಟೇಷನ್ ಗೊತ್ತಿರಬೇಕು. ಇವೆರಡಿಲ್ಲದೆ ಬರೀ ಮಷಿನ್ ಸರಿಸಿದರೆ ಕ್ರೇನ್ ಬಾಡಿಗೆ ದಂಡ.

ಪ್ರಶ್ನೆ: ಆರ್ಡರ್ ತೀರಾ ಇಳಿದಿದೆ. ಎರಡು ಮಷಿನ್ ಕೆಲ ತಿಂಗಳು ನಿಲ್ಲಿಸಬೇಕಾಗಿದೆ. ಏನು ಎಚ್ಚರ ವಹಿಸಬೇಕು?
– ಹರಿಹರ

ಉತ್ತರ: ಆರ್ಡರ್ ಇಲ್ಲದೆ ಸ್ಟಾಕಿಗೆ ಮಾಡುತ್ತಾ ಹೋಗಬೇಡಿ. ಡ್ರಾಯಿಂಗ್ ರಿವಿಷನ್ ಬದಲಾದರೆ ಆ ಮಾಲೆಲ್ಲ ಗುಜರಿ. ಅಡಚಣೆಯ ಮಷಿನ್ ಬಿಟ್ಟು ಉಳಿದವುಗಳಲ್ಲಿ ಹಳೆಯದನ್ನು ನಿಲ್ಲಿಸಿ. ಬಿಡುವಾದ ಸೆಟ್ಟರ್‌ಗಳಿಂದ ಜಾ ಸೆಟ್, ಸೆಟ್ಟಿಂಗ್ ಶೀಟ್, ಫಿಕ್ಸ್‌ಚರ್ ಕೆಲಸ ಮುಗಿಸಿಕೊಳ್ಳಿ. ಆರ್ಡರ್ ಏರಿದಾಗ ಇದಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ನಿಲ್ಲಿಸುವ ಮಷಿನ್ನಿನ ಕೂಲಂಟ್ ಪೂರ್ತಿ ತೆಗೆದು ಟ್ಯಾಂಕ್ ತೊಳೆಯಿರಿ, ನಿಂತ ಕೂಲಂಟ್ ಕೊಳೆತು ನಾರುತ್ತದೆ, ಸ್ಲೈಡ್‌ಗಳಿಗೆ ತುಕ್ಕು ಹಿಡಿಸುತ್ತದೆ. ಟೇಬಲ್, ಸ್ಪಿಂಡಲ್ ಟೇಪರ್, ಚಕ್ ಜಾಗಳಿಗೆ ರಸ್ಟ್ ಪ್ರಿವೆಂಟಿವ್ ಆಯಿಲ್ ಹಚ್ಚಿ. ವಾರಕ್ಕೊಮ್ಮೆ ಟೇಪರ್ ಒರೆಸಿ, ಪವರ್ ಕೊಟ್ಟು, ಸ್ಪಿಂಡಲ್ಲನ್ನು ಕಡಿಮೆ ಆರ್‌ಪಿಎಂನಿಂದ ಶುರುಮಾಡಿ ಹಂತ ಹಂತವಾಗಿ ಏರಿಸುತ್ತ 20 ನಿಮಿಷ ಓಡಿಸಿ. ಎಲ್ಲ ಆಕ್ಸಿಸ್‌ಗಳನ್ನೂ ಪೂರ್ತಿ ಉದ್ದ ಆಡಿಸಿದರೆ ಸ್ಲೈಡಿಗೆ ಎಣ್ಣೆ ಹೋಗುತ್ತದೆ.

ಬ್ಯಾಟರಿಯನ್ನು ಮರೆಯಬೇಡಿ. ಕಂಟ್ರೋಲಿನ ಮೆಮೊರಿಗೂ ಆಬ್ಸಲ್ಯೂಟ್ ಎನ್‌ಕೋಡರ್‌ಗೂ (ಆಕ್ಸಿಸ್ ಎಲ್ಲಿದೆ ಎಂದು ನೆನಪಿಡುವ ಸಾಧನ) ಬೇರೆ ಬೇರೆ ಬ್ಯಾಟರಿ ಇರುತ್ತವೆ. ಪವರ್ ಇಲ್ಲದೆ ನಿಂತಷ್ಟು ದಿನ ಇವುಗಳ ಮೇಲೆಯೇ ಭಾರ. ಮೆಮೊರಿ ಬ್ಯಾಟರಿ ಖಾಲಿಯಾದರೆ ಪ್ರೋಗ್ರಾಂ, ಪ್ಯಾರಾಮೀಟರ್ ಅಳಿಸಿಹೋಗುತ್ತವೆ. ಎನ್‌ಕೋಡರ್ ಬ್ಯಾಟರಿ ಹೋದರೆ ಆಕ್ಸಿಸ್‌ಗಳ ಝೀರೋ ಕಳೆದುಹೋಗಿ ಸರ್ವಿಸ್ ಎಂಜಿನಿಯರ್ ಬರುವವರೆಗೆ ಮಷಿನ್ ಕದಲುವುದಿಲ್ಲ. ನಿಲ್ಲಿಸುವ ಮೊದಲೇ ಪ್ಯಾರಾಮೀಟರ್‌ಗಳನ್ನು ಕಾರ್ಡಿಗೆ ಬ್ಯಾಕಪ್ ತೆಗೆದು, ಮಷಿನ್ ಹೆಸರು, ತಾರೀಖು ಬರೆದು ಆಫೀಸಿನಲ್ಲಿಡಿ. ವರ್ಷಕ್ಕೊಮ್ಮೆ ಎರಡೂ ಬ್ಯಾಟರಿ ಬದಲಿಸಿ. ಬದಲಿಸುವಾಗ ಕಂಟ್ರೋಲ್ ಪವರ್ ಆನ್ ಇರಲಿ, ಎಮರ್ಜೆನ್ಸಿ ಸ್ಟಾಪ್ ಒತ್ತಿರಲಿ. ಕ್ಯಾಬಿನೆಟ್ ಒಳಗೆ ಲೈವ್ ವೋಲ್ಟೇಜ್ ಇರುವುದರಿಂದ ಈ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ.